ಡೊಂಕು ಬಿಡಿಸುವ ಮುನ್ನ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಹಳೆಯ ಕಲ್ಟಿವೇಟರಿನ ಚಾನೆಲ್ (ಚೌಕಟ್ಟಿನ U ಆಕಾರದ ಉಕ್ಕಿನ ತೊಲೆ) ಮರದ ಬೇರಿಗೆ ಸಿಕ್ಕಿ ಬಿಲ್ಲಿನಂತೆ ಬಾಗಿದೆ. 2 ಮೀಟರ್ ಉದ್ದದಲ್ಲಿ ನಡುವೆ 25 ಮಿ.ಮೀ. ಡೊಂಕು. ಕಾಯಿಸಿ ಬಡಿಯಬೇಕೋ, ಜ್ಯಾಕ್ ಕೊಡಬೇಕೋ?

ಉತ್ತರ: ಮೊದಲು ಜ್ಯಾಕ್. ಚೌಕಟ್ಟಿನ ಚಾನೆಲ್ ಸಾಮಾನ್ಯವಾಗಿ ಮೆದು ಉಕ್ಕಿನದು, ತಣ್ಣಗಿದ್ದಾಗಲೇ ಮಣಿಯುತ್ತದೆ. ಆದರೆ ಅದಕ್ಕೂ ಮುಂಚೆ ಬಿರುಕು ಹುಡುಕಿ. ಬಾಗಿದ ಕಡೆ ತಂತಿ ಬ್ರಷ್‌ನಿಂದ ಉಜ್ಜಿ, ಸೀಮೆಎಣ್ಣೆ ಸವರಿ, ಹತ್ತು ನಿಮಿಷ ಬಿಟ್ಟು ಒಣಗುವಂತೆ ಒರೆಸಿ, ಸೀಮೆಸುಣ್ಣದ ಪುಡಿ ಹಚ್ಚಿ. ಬಿರುಕಿದ್ದರೆ ಒಳಗಿನ ಎಣ್ಣೆ ಸುಣ್ಣಕ್ಕೆ ಹೀರಿ ಗೆರೆ ಮೂಡುತ್ತದೆ. ಬೋಲ್ಟ್ ತೂತಿನ ಅಂಚು, ಬೆಸುಗೆಯ ತುದಿ ಬಿರುಕಿನ ನೆಚ್ಚಿನ ಜಾಗಗಳು.

ಟೈನ್‌ಗಳನ್ನೆಲ್ಲ, ಅಂದರೆ ಮಣ್ಣು ಕೆದಕುವ ಹಲ್ಲುಗಳನ್ನು, ಬಿಚ್ಚಿ. ಚಾನೆಲ್‌ಗಿಂತ ಗಟ್ಟಿಯಾದ ಒಂದು ತೊಲೆಯನ್ನು ಉಬ್ಬಿದ ಬದಿಗೆ ಇಟ್ಟು, ಚಾನೆಲ್‌ನ ಎರಡೂ ತುದಿಗಳನ್ನು ಸರಪಳಿಯಿಂದ ಅದಕ್ಕೆ ಬಿಗಿಯಿರಿ. ತೊಲೆಗೂ ಉಬ್ಬಿಗೂ ನಡುವೆ 10 ಟನ್ ಬಾಟಲ್ ಜ್ಯಾಕ್. ಅಡ್ಡ ಮಲಗಿಸಿದಾಗ ಪಂಪ್ ಇರುವ ಬದಿ ಕೆಳಗೆ ಬರಲಿ, ಇಲ್ಲದಿದ್ದರೆ ಎಣ್ಣೆಯ ಬದಲು ಗಾಳಿ ಎಳೆದು ಒತ್ತಡವೇ ಏರುವುದಿಲ್ಲ. ಚಾನೆಲ್‌ನ ಒಳಗೆ ಅಳತೆಗೆ ಸರಿಯಾದ ಉಕ್ಕಿನ ತುಂಡು ತುರುಕಿ, ಇಲ್ಲವಾದರೆ ನೆಟ್ಟಗಾಗುವ ಬದಲು ಅಂಚೇ ಮಡಚಿಕೊಳ್ಳುತ್ತದೆ. ಸರಪಳಿಯ ಮೇಲೆ ಹಸಿ ಗೋಣಿ ಹೊದಿಸಿ, ಅದರ ನೇರಕ್ಕೆ ಯಾರೂ ನಿಲ್ಲಬಾರದು.

ಉಕ್ಕಿಗೂ ನಾಯಿ ಬಾಲದ ಬುದ್ಧಿ ಇದೆ. ಒತ್ತಿ ನೇರ ಮಾಡಿ ಜ್ಯಾಕ್ ಸಡಿಲಿಸಿದರೆ ಒಂದಿಷ್ಟು ಹಿಂದಕ್ಕೆ ಬರುತ್ತದೆ. 6 ಮಿ.ಮೀ. ಹಿಂದೆ ಬಂದರೆ ಮುಂದಿನ ಸಲ ನೇರಕ್ಕಿಂತ 6 ಮಿ.ಮೀ. ಆಚೆಗೆ ಒತ್ತಬೇಕು. ಪ್ರತಿ ಒತ್ತಿಗೂ ಸಡಿಲಿಸಿ ದಾರ ಹಿಡಿದು ಅಳೆಯಿರಿ. ಉದ್ದಕ್ಕೂ ಹರಡಿದ ಬಾಗಾದರೆ ಜ್ಯಾಕನ್ನು ಗೇಣುಗೇಣಿಗೆ ಸರಿಸಿ. ಒಂದೇ ಕಡೆ ಚೂಪಾಗಿ ಮಡಚಿದ್ದರೆ ಅಲ್ಲೇ ಒತ್ತಬೇಕು, ಪಕ್ಕದಲ್ಲಿ ಒತ್ತಿದರೆ ಒಂದು ಡೊಂಕು ಎರಡಾಗುತ್ತದೆ.

ಕೊನೆಯ ನಾಲ್ಕೈದು ಮಿ.ಮೀ. ಹಟ ಹಿಡಿದರೆ ಗ್ಯಾಸ್ ಟಾರ್ಚ್ ತನ್ನಿ. ಕಾಯಿಸಬೇಕಾದದ್ದು ಉಬ್ಬಿದ ಬದಿಯನ್ನು. ಇಲ್ಲೇ ಹೆಚ್ಚಿನವರು ತಪ್ಪುವುದು. ಉಬ್ಬಿನ ಅಂಚಿನಲ್ಲಿ 35 ಮಿ.ಮೀ. ಅಗಲ ಇದ್ದು, ಎದುರು ಅಂಚಿನ ಕಡೆಗೆ ಚೂಪಾಗುವ ಬೆಣೆ ಆಕಾರವನ್ನು ಸೀಮೆಸುಣ್ಣದಲ್ಲಿ ಬರೆದುಕೊಳ್ಳಿ. ಚೂಪಿನಿಂದ ಶುರುಮಾಡಿ ಅಗಲದ ಕಡೆಗೆ, ನೆರಳಿನಲ್ಲಿ ಮಾತ್ರ ಕಾಣುವಂಥ ಮಂಕು ಕೆಂಪಿಗೆ, ಅಂದರೆ ಸುಮಾರು 650 ಡಿಗ್ರಿ ಸೆಲ್ಸಿಯಸ್‌ಗೆ ತನ್ನಿ. ಆಮೇಲೆ ಉಬ್ಬಿನ ಅಂಚಿನ ಪಟ್ಟಿಯನ್ನೂ ಅಷ್ಟೇ ಅಗಲಕ್ಕೆ ಕಾಯಿಸಿ. ಕಾದ ಲೋಹ ಹಿಗ್ಗಲು ನೋಡುತ್ತದೆ, ಸುತ್ತಲಿನ ತಣ್ಣನೆಯ ಲೋಹ ಬಿಡುವುದಿಲ್ಲ. ಹಾಗಾಗಿ ಅಲ್ಲೇ ದಪ್ಪಗಾಗಿ, ಆರುವಾಗ ಮೊದಲಿಗಿಂತ ಗಿಡ್ಡವಾಗಿ ಡೊಂಕನ್ನು ಎಳೆದುಕೊಳ್ಳುತ್ತದೆ. ಕೈಯಿಂದ ಮುಟ್ಟುವಷ್ಟು ಆರಿದ ಮೇಲಷ್ಟೇ ಅಳತೆ. ಸಾಲದಿದ್ದರೆ ಪಕ್ಕಕ್ಕೆ ಸರಿದು ಇನ್ನೊಂದು ಬೆಣೆ. ನೀರು ಸುರಿಯಬೇಡಿ. ಕೆಂಪು ಮಾಯವಾದ ಮೇಲೆ ಸುತ್ತಿಗೆಯನ್ನೂ ಎತ್ತಬೇಡಿ: 200ರಿಂದ 350 ಡಿಗ್ರಿಯ ನಡುವೆ ಉಕ್ಕು ಪೆಡಸಾಗಿ ಬಿರುಕು ಬಿಡಬಹುದು. ಹಳೇ ಬಣ್ಣವನ್ನು ಮೊದಲೇ ಕೆರೆದು ತೆಗೆಯಿರಿ, ಅದರ ಹೊಗೆಯಲ್ಲಿ ಸೀಸ ಇರಬಹುದು.

ಪ್ರಶ್ನೆ: ಸ್ಪ್ರಿಂಗ್ ಟೈನ್ ಸೊಟ್ಟಗಾಗಿದೆ. ಕುಲುಮೆಯಲ್ಲಿ ಕಾಯಿಸಿ ತಿದ್ದಬಹುದೇ?

ಉತ್ತರ: ತಿದ್ದಬಹುದು, ಆದರೆ ಹದ, ಅಂದರೆ ಬಾಗಿ ಮತ್ತೆ ಪುಟಿಯುವ ಗಡಸುತನ, ಹೋಗುತ್ತದೆ. ಮತ್ತೆ ಹದ ಕೂರಿಸಲು ಅಯಸ್ಕಾಂತ ಅಂಟದಷ್ಟು ಕೆಂಪಗೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಪುನಃ ಕಡಿಮೆ ಶಾಖದಲ್ಲಿ ಕಾಯಿಸಬೇಕು. ಅಳತೆಯಿಲ್ಲದೆ ಮಾಡಿದರೆ ಒಂದೋ ಮೊದಲ ಕಲ್ಲಿಗೇ ಮತ್ತೆ ಬಾಗುತ್ತದೆ, ಇಲ್ಲವೇ ಮುರಿಯುತ್ತದೆ. ಹೊಸದು ಹಾಕುವುದೇ ಲೇಸು.

ಪ್ರಶ್ನೆ: ಬಾಗಿದ ಭಾಗ ಬೀಡು ಕಬ್ಬಿಣವೋ ಉಕ್ಕೋ, ತಿಳಿಯುವುದು ಹೇಗೆ?

ಉತ್ತರ: ಕಾಣದ ಮೂಲೆಯಲ್ಲಿ ಡ್ರಿಲ್ ಕೊರೆದು ನೋಡಿ. ಉಕ್ಕಿನ ಸಿಪ್ಪೆ ಸುರುಳಿಯಾಗಿ ಬರುತ್ತದೆ, ಬೀಡು ಪುಡಿಯಾಗುತ್ತದೆ. ಬೀಡು ಬಾಗುವುದಕ್ಕಿಂತ ಮೊದಲೇ ಮುರಿಯುತ್ತದೆ, ಅದಕ್ಕೆ ಜ್ಯಾಕ್ ಕೊಡಬೇಡಿ.

ಪ್ರಶ್ನೆ: ಬಾಗಿದ ಶಾಫ್ಟನ್ನು ಎರಡು ಸಲ ಪ್ರೆಸ್‌ಗೆ ಕೊಟ್ಟರೂ ನಡುಕ ಹೋಗಿಲ್ಲ.

ಉತ್ತರ: ಬೇರಿಂಗ್ ಕೂರುವ ಜಾಗಗಳನ್ನು ವಿ-ಬ್ಲಾಕ್ (V ಆಕಾರದ ಕಚ್ಚಿರುವ ಆಸರೆ) ಮೇಲಿಟ್ಟು, ಡಯಲ್ ಗೇಜ್ (ಸಣ್ಣ ಏರಿಳಿತವನ್ನು ಮುಳ್ಳಿನಲ್ಲಿ ತೋರಿಸುವ ಅಳತೆ ಸಾಧನ) ತಾಗಿಸಿ ಒಂದು ಸುತ್ತು ತಿರುಗಿಸಿ. ಗೇಜಿನ ಮುಳ್ಳು 1 ಮಿ.ಮೀ. ಆಡಿದರೆ ನಿಜವಾದ ಬಾಗು ಅದರ ಅರ್ಧ, 0.5 ಮಿ.ಮೀ. ಮಾತ್ರ. ಇದನ್ನು ಮರೆತು ಪೂರ್ತಿ 1 ಮಿ.ಮೀ. ತಿದ್ದಿದರೆ ಶಾಫ್ಟ್ ಅಷ್ಟೇ ಬಾಗಿ ಆಚೆ ಬದಿಗೆ ಹೋಗುತ್ತದೆ. ಸ್ಪ್ಲೈನಿನ (ಶಾಫ್ಟಿನ ಮೇಲೆ ಉದ್ದುದ್ದಕ್ಕೆ ಕೊರೆದ ಗೀರುಗಳ) ಹಲ್ಲುಗಳು ತಿರುಚಿಕೊಂಡಿದ್ದರೆ ಮಾತ್ರ ತಿದ್ದಲು ಹೋಗದೆ ಶಾಫ್ಟನ್ನೇ ಬದಲಿಸಿ.