ಜಿಪಿಎಸ್ ಕೋಡ್‌ಗಳನ್ನು ನಾಣ್ಯ ಚಿಮ್ಮಿ ಬರೆದುಕೊಂಡರೆ ಸಾಲದೇ?

ಜಿಪಿಎಸ್ ಉಪಗ್ರಹಗಳೆಲ್ಲ 1575.42 ಮೆಗಾಹರ್ಟ್ಸ್ ಎಂಬ ಒಂದೇ ಆವರ್ತನದಲ್ಲಿ ಮಾತಾಡುತ್ತವೆ, ಯಾವುದು ಯಾರ ದನಿ ಎಂದು ರಿಸೀವರ್ ಗುರುತಿಸುವುದು ಕೋಡ್‌ನಿಂದ, ಅಂದರೆ ಒಂದೊಂದು ಉಪಗ್ರಹಕ್ಕೂ ಕೊಟ್ಟ ಬೇರೆ ಬೇರೆ ಸೊನ್ನೆ-ಒಂದುಗಳ ಸರಣಿಯಿಂದ. ಸರಿ, ಆದರೆ ಆ ಸೊನ್ನೆ-ಒಂದುಗಳಿಗೆ ಅಷ್ಟೊಂದು ಗಣಿತ ಯಾಕೆ, ನಾಣ್ಯ ಚಿಮ್ಮಿ ಬರೆದುಕೊಂಡರೆ ಆಗದೇ ಎಂದು ಕೇಳಿದ್ದೀರಿ. ಆಗುತ್ತದೆ. ನನ್ನ ಲ್ಯಾಪ್‌ಟಾಪಿನಲ್ಲೇ ಮಾಡಿ ನೋಡಿದ್ದೇನೆ. ತೊಂದರೆ ಇರುವುದು ಬೇರೆ ಕಡೆ.

ಮೊದಲು ಪೆನ್ಸಿಲ್ ಹಿಡಿಯಿರಿ. ಸೊನ್ನೆ-ಒಂದುಗಳ ಬದಲು ಪ್ಲಸ್-ಮೈನಸ್ ಇಟ್ಟು + + + − − + − ಎಂದು ಬರೆದು, ಕೆಳಗೆ ಅದನ್ನೇ ಒಂದು ಮನೆ ಸರಿಸಿ − + + + − − + ಎಂದು ಬರೆಯಿರಿ. ಮೇಲೆ-ಕೆಳಗೆ ಗುಣಿಸಿ ಕೂಡಿದರೆ ಬರುವುದು −1. ಎಷ್ಟು ಮನೆ ಸರಿಸಿದರೂ −1, ಸರಿಯಾಗಿ ಒಂದರ ಮೇಲೊಂದು ಕೂತಾಗ ಮಾತ್ರ 7. ಸಂಕೇತ ಎಷ್ಟು ತಡವಾಗಿ ಬಂತು ಎಂದು ರಿಸೀವರ್ ಅಳೆಯುವುದು ಹೀಗೆಯೇ. ಜಿಪಿಎಸ್‌ನಲ್ಲಿ 7ರ ಬದಲು 1023 ಚಿಪ್ (ಕೋಡ್‌ನ ಒಂದೊಂದು ಮನೆಗೆ ಚಿಪ್ ಎನ್ನುತ್ತಾರೆ), ಒಂದು ಮಿಲಿಸೆಕೆಂಡಿಗೊಮ್ಮೆ ಮರುಕಳಿಸುತ್ತದೆ.

ಈ ಜಾತಿಯ ಸರಣಿ 1023 ಉದ್ದದಲ್ಲಿ 60 ಸಿಗುತ್ತವೆ. ಒಂದೊಂದೂ ತನ್ನಷ್ಟಕ್ಕೆ ಅಪ್ಪಟ, ಆದರೆ ಒಂದರೊಡನೆ ಇನ್ನೊಂದನ್ನು ಹೋಲಿಸಿದರೆ ಕೆಲವು ಜೋಡಿಗಳಲ್ಲಿ ಮೊತ್ತ 383ರವರೆಗೂ ಏರುತ್ತದೆ. ಇದನ್ನು ಬಿಡಿಸಿದ್ದು 1967ರಲ್ಲಿ ರಾಬರ್ಟ್ ಗೋಲ್ಡ್. ಹೊಂದುವ ಎರಡು ಸರಣಿಗಳನ್ನು ಆರಿಸಿ, ಎರಡನೆಯದನ್ನು ಒಂದೊಂದೇ ಮನೆ ಸರಿಸುತ್ತ ಮೊದಲನೆಯದರ ಜೊತೆ ಬೆರೆಸಿದರೆ (ಅಂದರೆ ಮೇಲೆ-ಕೆಳಗೆ ಗುಣಿಸಿದರೆ), ಮೂಲದ ಎರಡೂ ಸೇರಿ 1025 ಕೋಡ್‌ಗಳ ಕುಟುಂಬ ಸಿಗುತ್ತದೆ. ಯಾವ ಎರಡನ್ನು ತೆಗೆದುಕೊಂಡರೂ ಮೊತ್ತ −65, −1, 63 ಈ ಮೂರರಲ್ಲೊಂದು.

ಈಗ ನಿಮ್ಮ ನಾಣ್ಯ. ಅಲ್ಲಿ ಮೊತ್ತದ ಸರಾಸರಿ ಏರಿಳಿತ 1023ರ ವರ್ಗಮೂಲ, ಅಂದರೆ ಸುಮಾರು 32. ಗೋಲ್ಡ್ ಕೋಡ್‌ನಲ್ಲಿ? ಕಾಲು ಭಾಗ ಸಲ 64ರ ಆಸುಪಾಸು, ಉಳಿದ ಮುಕ್ಕಾಲು ಭಾಗ −1: ಲೆಕ್ಕ ಹಾಕಿದರೆ ಅದೂ 32! ಇದನ್ನು ಮೊದಲ ಸಲ ಕಂಡಾಗ ನನಗೆ ಮೋಸಹೋದ ಹಾಗಾಗಿತ್ತು. ಸೋರಿಕೆ, ಅಂದರೆ ಒಂದು ಕೋಡ್ ಹುಡುಕುವಾಗ ಇನ್ನೊಂದು ನುಸುಳುವುದು, ಒಟ್ಟಾರೆ ಅಷ್ಟೇ ಇದೆ. ನಾಣ್ಯದ ಕೋಡ್‌ನಲ್ಲಿ ಅಲ್ಲೊಂದು ಇಲ್ಲೊಂದು ಕಡೆ 100 ಮುಟ್ಟುತ್ತದೆ, ಗೋಲ್ಡ್ ಅದನ್ನು 65ಕ್ಕೆ ಕತ್ತರಿಸಿ ಹಂಚಿದ್ದಾರೆ ಅಷ್ಟೆ.

ಆದರೆ ಆ 65ರ ಭರವಸೆ ನಿಂತಿರುವ ಉಪಗ್ರಹಗಳಿಗೆ! ಓಡುವ ಉಪಗ್ರಹಗಳ ನಡುವೆ ಡಾಪ್ಲರ್ ವ್ಯತ್ಯಾಸ (ಓಟದಿಂದಾಗಿ ಆವರ್ತನ ಸರಿಯುವುದು) ಕೆಲವು ಕಿಲೋಹರ್ಟ್ಸ್ ಇರುತ್ತದೆ, ಆಗ ಸೋರಿಕೆ 65 ದಾಟುತ್ತದೆ. ಒಮ್ಮೆ ಆಂಟೆನಾವನ್ನು ಕಿಟಕಿಯ ಪಕ್ಕ ಇಟ್ಟಿದ್ದೆ. ನಾನು ಬರೆದ ರಿಸೀವರ್ ಒಂದು ಉಪಗ್ರಹವನ್ನು ಹಿಡಿದು ಕೂತಿತು. ಆ ಹೊತ್ತಿಗೆ ಅದು ಭೂಮಿಯ ಆ ಬದಿಯಲ್ಲಿತ್ತು. ಅರ್ಧ ದಿನ ರಿಸೀವರಿನ ಪ್ರೋಗ್ರಾಮನ್ನೇ ಬೈದುಕೊಂಡೆ (ಬರೆದವನೂ ನಾನೇ). ಕೊನೆಗೆ ಡಾಪ್ಲರ್ ಅಂಕಣ ನೋಡಿದರೆ, ಕಿಟಕಿಯಿಂದ ಜೋರಾಗಿ ಬರುತ್ತಿದ್ದ ಇನ್ನೊಂದು ಉಪಗ್ರಹಕ್ಕೂ ಈ ಭೂತಕ್ಕೂ ಸರಿಯಾಗಿ 2000 ಹರ್ಟ್ಸ್ ವ್ಯತ್ಯಾಸ. ಕೋಡ್ ಮಿಲಿಸೆಕೆಂಡಿಗೊಮ್ಮೆ ಮರುಕಳಿಸುವುದರಿಂದ ಸೋರಿಕೆ ಮೇಲೇಳುವುದು 1000 ಹರ್ಟ್ಸ್‌ನ ಗುಣಕಗಳಲ್ಲಿ. ಅಂದಿನಿಂದ ಅನುಮಾನ ಬಂದರೆ ಮೊದಲು ನೋಡುವುದು ಅದನ್ನೇ.

ಹಾಗಾಗಿಯೇ ಹೊಸ ಕೋಡ್‌ಗಳೆಲ್ಲ ಉದ್ದ. ಜಿಪಿಎಸ್‌ನ ಹೊಸ ಸಂಕೇತ ಎಲ್1ಸಿ 10230 ಚಿಪ್. ಜಿಪಿಎಸ್‌ನಂಥದ್ದೇ ಆದ ನಮ್ಮ ದೇಶದ ನಾವಿಕ್‌ನ ಎಲ್5 ಸಂಕೇತದಲ್ಲಿ ಇನ್ನೂ 1023ರ ಗೋಲ್ಡ್ ಕುಟುಂಬವೇ, ಆದರೆ 2023ರ ಮೇನಲ್ಲಿ ಹಾರಿದ ಎನ್‌ವಿಎಸ್-01 ಉಪಗ್ರಹದಿಂದ ಶುರುವಾದ ಎಲ್1 ಸಂಕೇತದಲ್ಲಿ ಅದೂ 10230. ಯುರೋಪಿನ ಗೆಲಿಲಿಯೋ ನಿಮ್ಮ ದಾರಿಗೇ ಹತ್ತಿರ: ಅದರ ಇ1 ಸಂಕೇತದ 4092 ಚಿಪ್‌ಗಳು ಯಾವ ಸೂತ್ರದಿಂದಲೂ ಹುಟ್ಟುವುದಿಲ್ಲ, ಕಂಪ್ಯೂಟರಿನಲ್ಲಿ ತಿದ್ದಿ ತೀಡಿ ಮಾಡಿದವು, ರಿಸೀವರ್ ಅವನ್ನು ಮೆಮೊರಿಯಲ್ಲೇ ಇಟ್ಟುಕೊಳ್ಳಬೇಕು. ತಿದ್ದಲು ಕಾರಣವೂ ಇದೆ. ಅಲ್ಲಿ ಕೋಡ್ 4 ಮಿಲಿಸೆಕೆಂಡ್, ಅದರ ಮೇಲೆ ಕೂತು ಬರುವ ಮಾಹಿತಿಯ ಒಂದೊಂದು ಚಿಹ್ನೆಯೂ (ಪ್ಲಸ್ ಅಥವಾ ಮೈನಸ್) 4 ಮಿಲಿಸೆಕೆಂಡ್. ಪ್ರತಿ ಸುತ್ತಿನ ಕೊನೆಗೂ ಚಿಹ್ನೆ ತಿರುಗಬಹುದು, ಆಗ ರಿಸೀವರ್ ಕೂಡುವ ತುಂಡಿನಲ್ಲಿ ಒಂದಿಷ್ಟು ಪ್ಲಸ್, ಒಂದಿಷ್ಟು ಮೈನಸ್. ಆ ಸ್ಥಿತಿಯಲ್ಲೂ ಮೊತ್ತ ಏರಬಾರದು. ಜಿಪಿಎಸ್‌ನ ಹಳೇ ಕೋಡ್‌ಗೆ ಈ ಕಾಟ ಕಡಿಮೆ, 20 ಸುತ್ತಿಗೊಂದೇ ಬಿಟ್.

ನೀವೇ ಮಾಡಿ ನೋಡುವುದಾದರೆ ಹತ್ತತ್ತು ಮನೆಯ ಎರಡು ಶಿಫ್ಟ್ ರಿಜಿಸ್ಟರ್ (ಪ್ರತಿ ಹೆಜ್ಜೆಗೂ ಬಿಟ್‌ಗಳು ಒಂದು ಮನೆ ಮುಂದೆ ಸರಿಯುವ ಸಾಲು) ಸಾಕು, ಪೈಥಾನ್‌ನಲ್ಲಿ ಇಪ್ಪತ್ತು ಸಾಲು. ಎರಡೂ ರಿಜಿಸ್ಟರನ್ನು ಪೂರ್ತಿ ಒಂದುಗಳಿಂದ ತುಂಬಿ ಶುರುಮಾಡಿ, ಪಿಆರ್‌ಎನ್ 1ಕ್ಕೆ (ಅಂದರೆ ಒಂದನೇ ನಂಬರಿನ ಕೋಡ್‌ಗೆ) ಎರಡನೆಯ ರಿಜಿಸ್ಟರಿನ 2 ಮತ್ತು 6ನೇ ಮನೆಯನ್ನು ಮೊದಲನೆಯದರ ಕೊನೆಯ ಮನೆಯೊಡನೆ ಬೆರೆಸಿ. ಮೊದಲ ಹತ್ತು ಚಿಪ್ 1100100000 ಬರಬೇಕು. ಬರದಿದ್ದರೆ ಮನೆಗಳನ್ನು ಸೊನ್ನೆಯಿಂದ ಎಣಿಸಿರುತ್ತೀರಿ, ನಾನೂ ಅದನ್ನೇ ಮಾಡಿದ್ದೆ.