ಸ್ಕಿಜೋಫ್ರೇನಿಯಾ ಇರುವ ತಮ್ಮನನ್ನು ದೂರದ ಕೇಂದ್ರದಲ್ಲಿ ಬಿಡಬೇಕೇ?

ಮಾತ್ರೆಯಿಂದ ಸುಧಾರಿಸಿರುವ ತಮ್ಮನನ್ನು ಊರಿನವರಿಗೆ ತಿಳಿಯದ ಹಾಗೆ ಎಲ್ಲಿ ಬಿಟ್ಟರೆ ಪೂರ್ತಿ ಗುಣವಾಗುತ್ತಾನೆ ಎಂದು ಕೇಳಿದ್ದೀರಿ. ಅಣ್ಣನ ವಿಷಯದಲ್ಲಿ ನಮ್ಮ ಮನೆಯಲ್ಲೂ ಇದೇ ಮಾತು ನಡೆದಿತ್ತು. ಎಲ್ಲೂ ಬಿಡಬೇಡಿ. 1985ರಲ್ಲೇ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಸಿಬ್ಬಂದಿಗೂ ತರಬೇತಿ ಕೊಟ್ಟು, ಊರ ಹತ್ತಿರವೇ ಚಿಕಿತ್ಸೆ ಸಾಧ್ಯ ಅಂತ ತೋರಿಸಿದ್ದಾರೆ. 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ.

ಮನೆಗಳು ಸೋಲುವುದು ಒಂದೇ ಕಡೆ: "ಈಗ ಹುಷಾರಾಗಿದ್ದಾನಲ್ಲ" ಎಂದು ಮಾತ್ರೆ ನಿಲ್ಲಿಸುವುದರಲ್ಲಿ. ನಮ್ಮಲ್ಲೂ ಆದದ್ದು ಇದೇ. ನಿಲ್ಲಿಸಿದ ಮರುದಿನವೇ ಕಾಯಿಲೆ ಮರಳುವುದಿಲ್ಲ, ಮೋಸವಿರುವುದೇ ಅಲ್ಲಿ. ಮೊದಲ ವಾರಗಳಲ್ಲಿ ಮಂಪರು ಇಳಿಯುತ್ತದೆ, ಮೈ ಬಿಗಿತ ಸಡಿಲವಾಗುತ್ತದೆ, ಮುಖದಲ್ಲಿ ಕಳೆ ಬರುತ್ತದೆ. ಮಾತ್ರೆಯೇ ಕೆಡಿಸುತ್ತಿತ್ತು ಅಂತ ಎಲ್ಲರೂ ನಂಬುತ್ತಾರೆ. ಆಮೇಲೆ ನಿದ್ದೆ ಒಡೆಯುತ್ತದೆ. ತಟ್ಟೆ ಹಿಡಿದು ಒಬ್ಬನೇ ಕೂರುತ್ತಾನೆ, ಸ್ನಾನ ಬಿಡುತ್ತಾನೆ, ಪಕ್ಕದ ಮನೆಯವರು ತನ್ನ ಬಗ್ಗೆಯೇ ಮಾತಾಡುತ್ತಿದ್ದಾರೆ ಅನ್ನುತ್ತಾನೆ. ಅಷ್ಟರಲ್ಲಿ ತಿಂಗಳುಗಳೇ ಕಳೆದಿರುವುದರಿಂದ ನಿಲ್ಲಿಸಿದ ಮಾತ್ರೆ ಯಾರಿಗೂ ನೆನಪಾಗುವುದಿಲ್ಲ, ಗ್ರಹಚಾರ ಅಂದುಕೊಳ್ಳುತ್ತಾರೆ. ಕಾಯಿಲೆ ಮತ್ತೆ ಮತ್ತೆ ಮರಳಿದಂತೆ ಹತೋಟಿಗೆ ತರುವುದೂ ಕಷ್ಟವಾಗಬಹುದು.

ಅದಕ್ಕೇ ಗೋಡೆಯ ಕ್ಯಾಲೆಂಡರಿನಲ್ಲಿ ಮಾತ್ರೆ ನುಂಗಿದ್ದಕ್ಕೊಂದು ಗುರುತು, ರಾತ್ರಿ ಎಷ್ಟು ಗಂಟೆ ಮಲಗಿದ ಅನ್ನುವುದೊಂದು ಅಂಕಿ ಬರೆಯಿರಿ. ಎರಡು ಮೂರು ರಾತ್ರಿ ನಿದ್ದೆ ಕೆಟ್ಟರೆ ಮುಂದಿನ ತಾರೀಕಿಗೆ ಕಾಯದೆ ವೈದ್ಯರ ಹತ್ತಿರ ಹೋಗಿ. ಒಂದು ವಾರದ ಮಾತ್ರೆ ಉಳಿದಿರುವಾಗಲೇ ಮುಂದಿನದು ತನ್ನಿ. ಕೈ ನಡುಕ, ಜೊಲ್ಲು, ಒಂದೆಡೆ ಕೂರಲಾಗದ ಚಡಪಡಿಕೆ ಇದ್ದರೆ ಡೋಸ್ ಬದಲಿಸುವುದು ವೈದ್ಯರ ಕೆಲಸ, ನಿಮ್ಮದಲ್ಲ. ತಿಂಗಳಿಗೊಮ್ಮೆ ತೂಕ ನೋಡಿ, ಆಗಾಗ ಸಕ್ಕರೆ ಪರೀಕ್ಷೆ ಮಾಡಿಸಿ. ದಿನವೂ ಮಾತ್ರೆಗೆ ಜಗಳವಾಗುತ್ತಿದ್ದರೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಕೊಡುವ ಇಂಜೆಕ್ಷನ್ ಇದೆ, ಕೇಳಿ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ, ನಿಮ್ಮಲ್ಲಿ ಯಾವ ಮಂಗಳವಾರ ಅಂತ ವಿಚಾರಿಸಿಕೊಳ್ಳಿ.

ಸುಮ್ಮನೆ ಕೂತಿರುತ್ತಾನೆ ಎಂದು ಬೈಯಬೇಡಿ, ಅದು ಸೋಮಾರಿತನವಲ್ಲ, ಕಾಯಿಲೆಯದೇ ಒಂದು ಲಕ್ಷಣ. ದಿನಕ್ಕೊಂದೇ ಕೆಲಸ ವಹಿಸಿ, ಹೊತ್ತು ಗೊತ್ತುಮಾಡಿ. ಡೈರಿಗೆ ಹಾಲು ಹಾಕಿ ಬರಲಿ. ಬೆಳಿಗ್ಗೆ ಮಂಪರಿದ್ದರೆ ಸಂಜೆಯ ಹಾಲು ಸಾಕು. ಅದು ಕೆಲವು ವಾರ ತಪ್ಪದೆ ನಡೆದ ಮೇಲೆ ಎರಡನೆಯದು. ಮದುವೆ ಮಾಡಿದರೆ ಸರಿಹೋಗುತ್ತಾನೆ ಅನ್ನುವವರ ಮಾತು ಮಾತ್ರ ಕಿವಿಗೆ ಹಾಕಿಕೊಳ್ಳಬೇಡಿ.

ಇನ್ನು ಮುಚ್ಚಿಡುವ ಮಾತು. ಊರಿಗೆಲ್ಲ ಸಾರಬೇಕಿಲ್ಲ, ಆದರೆ ಅವನಿಗೆ ಹೇಳಿ, ಒಪ್ಪಿಸಿ, ಆಶಾ ಕಾರ್ಯಕರ್ತೆಗೂ ಪಕ್ಕದ ಮನೆಯ ನಂಬಿಕಸ್ಥರೊಬ್ಬರಿಗೂ ತಿಳಿಸಿ. ರಾತ್ರಿ ಅವನು ಮನೆ ಬಿಟ್ಟು ಹೊರಟರೆ ಹುಡುಕಲು ಬರುವವರು ಅವರೇ. ಸಾಯುವ ಮಾತಾಡಿದರೆ ಒಬ್ಬನನ್ನೇ ಬಿಡದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಏನು ಮಾಡುವುದೆಂದು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.