ನಲವತ್ತರ ಹತ್ರ ಹಲ್ಲಿಗೆ ಕ್ಲಿಪ್ಪಾ? ಹಾಕಿಸ್ಕೊಳ್ಳಿ, ಆದ್ರೆ ಮೊದ್ಲು ಒಸಡು ತೋರಿಸಿ

ಪ್ರಶ್ನೆ: ಡಾಕ್ಟ್ರೇ ನಮಸ್ಕಾರ, ನನಗೆ 39 ವರ್ಷ, ಹಾವೇರಿ ಜಿಲ್ಲೆಲಿ ಹೈಸ್ಕೂಲ್ ಟೀಚರ್. ಕೆಳಗಿನ ಮುಂದಿನ ಹಲ್ಲುಗಳು ಚಿಕ್ಕಂದಿನಿಂದ್ಲೂ ಒಂದ್ರ ಮೇಲೊಂದು ಹತ್ಕೊಂಡಿವೆ, ಆಗ ಮನೇಲಿ ಅದಕ್ಕೆಲ್ಲ ದುಡ್ಡಿರ್ಲಿಲ್ಲ. ಈಗೊಂದು ಮೂರ್ನಾಲ್ಕು ವರ್ಷದಿಂದ ಮೇಲಿನ ಎರಡು ಹಲ್ಲು ಮುಂದಕ್ಕೆ ಬಂದು ಮಧ್ಯೆ ಸಂದಿ ಬಿಟ್ಟಿದೆ, ಮುಂಚೆ ಇರ್ಲಿಲ್ಲ. ಬ್ರಷ್ ಮಾಡುವಾಗ ಸ್ವಲ್ಪ ರಕ್ತ ಬರತ್ತೆ, ನೋವೇನಿಲ್ಲ. ಒಂದು ಕ್ಲಿನಿಕ್‌ಗೆ ಹೋದ್ರೆ ಅಡ್ವಾನ್ಸ್ ಕಟ್ಟಿ, ಇವತ್ತೇ ಕ್ಲಿಪ್ ಹಾಕ್ತೀವಿ ಅಂದ್ರು. ಅತ್ತೆ ನೋಡಿದ್ರೆ "ಮಗಳಿಗೆ ಹಾಕ್ಸೋ ವಯಸ್ಸಲ್ಲಿ ನಿನಗ್ಯಾಕೆ ಇದೆಲ್ಲಾ" ಅಂತಾರೆ. ಹಾಕಿಸ್ಕೋಬೋದಾ?

ಉತ್ತರ: ಖಂಡಿತ ಹಾಕಿಸ್ಕೋಬೋದು ಮೇಡಂ, ಆದ್ರೆ ಅವತ್ತೇ ಅಡ್ವಾನ್ಸ್ ಕಟ್ಟದೇ ಬಂದಿದ್ದು ತುಂಬಾ ಒಳ್ಳೇದಾಯ್ತು.

ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದಿದ್ದು ಕೆಳಗಿನ ಹಲ್ಲಲ್ಲ, ಮೇಲಿನ ಸಂದಿ. ಚಿಕ್ಕಂದಿನಿಂದ ಇರೋ ಸಂದಿ ಬೇರೆ, ಮೂವತ್ತೈದು ದಾಟಿದ ಮೇಲೆ ಹೊಸದಾಗಿ ಬಿಡೋ ಸಂದಿನೇ ಬೇರೆ. ಹೊಸ ಸಂದಿ, ಜೊತೆಗೆ ಬ್ರಷ್‌ಗೆ ರಕ್ತ, ಎರಡೂ ಸೇರಿದ್ರೆ ಒಸಡಿನ ಕಾಯಿಲೆ ಇರೋ ಸಾಧ್ಯತೆ ಜಾಸ್ತಿ, ಅಂದ್ರೆ ಒಳಗೆ ಹಲ್ಲನ್ನ ಹಿಡ್ಕೊಂಡಿರೋ ಮೂಳೆ ಕರಗ್ತಾ ಇರಬೋದು. ನೋವಿಲ್ಲ ಅಂತ ಸಮಾಧಾನ ಪಟ್ಕೋಬೇಡಿ, ಈ ಕಾಯಿಲೆ ಎಷ್ಟೋ ವರ್ಷ ನೋವೇ ಕೊಡಲ್ಲ. ಇಂಥ ಬಾಯಿಗೆ ಒಸಡು ಸರಿ ಮಾಡದೇ ಕ್ಲಿಪ್ ಹಾಕಿ ಎಳೆದ್ರೆ ಸಡಿಲ ಮಣ್ಣಲ್ಲಿ ನೆಟ್ಟ ಗೂಟಕ್ಕೆ ಹಗ್ಗ ಕಟ್ಟಿ ಜಗ್ಗಿದ ಹಾಗೆ ಆಗತ್ತೆ, ಇದ್ದ ಮೂಳೆನೂ ಬೇಗ ಹೋಗತ್ತೆ.

ಅದಕ್ಕೇ ಮೊದ್ಲು ಒಸಡಿನ ಪರೀಕ್ಷೆ ಮಾಡಿಸಿ. ಪ್ರೋಬ್ ಅಂತ ಅಳತೆ ಗೆರೆ ಇರೋ ಸಣ್ಣ ಕಡ್ಡಿ ಇರತ್ತೆ, ಅದನ್ನ ಹಲ್ಲಿಗೂ ಒಸಡಿಗೂ ನಡುವೆ ಇಳಿಸಿ ಪ್ರತಿ ಹಲ್ಲಿನ ಸುತ್ತಾ ಅಳೀತಾರೆ. 3 ಮಿಲಿಮೀಟರ್ ತನಕ ಸಾಮಾನ್ಯವಾಗಿ ತೊಂದ್ರೆ ಇಲ್ಲ, ಅದಕ್ಕಿಂತ ಆಳ ಹೋದ್ರೆ ಮತ್ತು ರಕ್ತ ಬಂದ್ರೆ ಒಳಗಿನ ತನಕ ಕ್ಲೀನಿಂಗ್ ಬೇಕು. ಕ್ಲೀನಿಂಗ್ ಮಾಡಿಸಿದ್ರೆ ಹಲ್ಲು ಸಡಿಲ ಆಗತ್ತೆ ಅಂತ ನಮ್ಮೂರುಗಳಲ್ಲಿ ಇನ್ನೂ ಹೇಳ್ತಾರೆ, ದಯವಿಟ್ಟು ನಂಬ್ಬೇಡಿ, ಸಡಿಲ ಮಾಡೋದು ಹಲ್ಲಿನ ಬುಡದಲ್ಲಿ ಗಟ್ಟಿಯಾಗಿ ಕಟ್ಕೊಂಡಿರೋ ಗಾರೆ, ಅದನ್ನ ತೆಗೆಯೋ ಡಾಕ್ಟ್ರಲ್ಲ. ಕ್ಲೀನಿಂಗ್ ಆಗಿ ಎರಡು ಮೂರು ತಿಂಗಳು ಬಿಟ್ಟು ಮತ್ತೆ ಅಳೆದು, ರಕ್ತ ನಿಂತಿದೆ ಅಂತ ಖಾತ್ರಿ ಆದ್ಮೇಲೆ ಕ್ಲಿಪ್ ಮಾತು. ಶುಗರ್ ಇದ್ರೆ ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸೋ ರಕ್ತ ಪರೀಕ್ಷೆ, ಅಂದ್ರೆ ಎಚ್‌ಬಿಎ1ಸಿ ಮಾಡಿಸ್ಕೊಂಡು ಹೋಗಿ. ಮೂಳೆ ಸವೆತಕ್ಕೆ ಮಾತ್ರೆ ಅಥವಾ ಇಂಜೆಕ್ಷನ್ ತಗೊಳ್ತಿದ್ರೆ ಅದನ್ನ ಮುಚ್ಚಿಡದೇ ಹೇಳಿ, ಅವುಗಳಲ್ಲಿ ಕೆಲವು ಹಲ್ಲು ಸರಿಯೋದನ್ನ ನಿಧಾನ ಮಾಡ್ತವೆ, ಹಲ್ಲು ಕೀಳಿಸಿದ ಜಾಗ ಮಾಯದೇ ಹೋಗೋ ಅಪಾಯನೂ ಇರತ್ತೆ.

ಇನ್ನು ವಯಸ್ಸಿನ ವಿಷ್ಯ. ಹಲ್ಲು ಮೂಳೆಗೆ ನೇರವಾಗಿ ಅಂಟ್ಕೊಂಡಿರಲ್ಲ, ನಡುವೆ ತೆಳ್ಳಗಿನ ನಾರಿನ ಪದರ ಇದೆ. ತಂತಿ ಮೆಲ್ಲಗೆ ಒತ್ತಿದಾಗ ಒತ್ತಿದ ಕಡೆ ಮೂಳೆ ಕರಗತ್ತೆ, ಹಿಂದೆ ಎಳೆತ ಬಿದ್ದ ಕಡೆ ಹೊಸ ಮೂಳೆ ಕಟ್ಟತ್ತೆ, ಹೀಗೆ ಹಲ್ಲು ಜಾಗ ಬದಲಾಯಿಸತ್ತೆ. ಈ ಕೆಲಸ ಹದಿನಾಲ್ಕಕ್ಕೂ ನಡೆಯತ್ತೆ ಐವತ್ತಕ್ಕೂ ನಡೆಯತ್ತೆ, ದೊಡ್ಡೋರಲ್ಲಿ ಶುರುವಾಗೋದು ಸ್ವಲ್ಪ ನಿಧಾನ ಅಷ್ಟೆ. ಸಾಮಾನ್ಯವಾಗಿ 18ರಿಂದ 24 ತಿಂಗಳು ಅಂತ ಇಟ್ಕೊಳ್ಳಿ, ನಾಲ್ಕರಿಂದ ಆರು ವಾರಕ್ಕೊಮ್ಮೆ ಹೋಗ್ಬೇಕು. ಶುರು ಮಾಡೋ ಮುಂಚೆ ಎಕ್ಸ್‌ರೇ ಮತ್ತು ಹಲ್ಲಿನ ಅಚ್ಚು ಅಥವಾ ಸ್ಕ್ಯಾನ್ ತಗೊಂಡು, ಯಾವ ಹಲ್ಲು ಎಲ್ಲಿಗೆ ಹೋಗತ್ತೆ, ಕೀಳಿಸ್ಬೇಕಾ ಬೇಡ್ವಾ ಅಂತ ಕೂರಿಸ್ಕೊಂಡು ಹೇಳ್ಬೇಕು. ಹಾಗೆ ಹೇಳದೇ ಇರೋ ಕಡೆ ಮಾಡಿಸ್ಬೇಡಿ.

ಒಂದು ಮಾತು ಮೊದ್ಲೇ ಗೊತ್ತಿರ್ಲಿ. ಹತ್ಕೊಂಡಿರೋ ಹಲ್ಲು ನೇರ ಆದ್ಮೇಲೆ ಒಸಡಿನ ಹತ್ರ ಹಲ್ಲುಗಳ ನಡುವೆ ಸಣ್ಣ ಕಪ್ಪು ತ್ರಿಕೋನ ಕಾಣಿಸ್ಬೋದು, ದೊಡ್ಡೋರಲ್ಲಿ ಇದು ಮಾಮೂಲು, ಡಾಕ್ಟ್ರು ಹಲ್ಲಿನ ಪಕ್ಕ ಸ್ವಲ್ಪ ಉಜ್ಜಿ ಹತ್ರ ತಂದು ಎಷ್ಟೋ ಕಡಿಮೆ ಮಾಡ್ಬೋದು. ಪಾಠ ಮಾಡೋರು ನೀವು, ಎದ್ದು ಕಾಣ್ಬಾರ್ದು ಅಂದ್ರೆ ಹಲ್ಲಿನ ಬಣ್ಣದ ಸೆರಾಮಿಕ್ ಕ್ಲಿಪ್ ಕೇಳಿ, ಆದ್ರೆ ಅದ್ರ ಸುತ್ತ ಹಾಕೋ ಬಿಳಿ ರಬ್ಬರ್ ರಿಂಗು ನಮ್ಮ ಸಾರಿನ ಅರಿಶಿನಕ್ಕೆ ಎರಡೇ ದಿನದಲ್ಲಿ ಹಳದಿ ತಿರುಗತ್ತೆ, ಮುಂದಿನ ಸಲ ಬದಲಾಯಿಸ್ತಾರೆ, ಗಾಬರಿ ಬೇಡ. ಕಟಕ್ ರೊಟ್ಟಿ ಬಿಡಬೇಕಾಗಿಲ್ಲ, ಸಾರಲ್ಲೋ ಮೊಸರಲ್ಲೋ ನೆನೆಸಿ ತಿನ್ನಿ. ಚಕ್ಕುಲಿ, ಕಬ್ಬು ಮಾತ್ರ ಬೇಡ, ಹಲ್ಲಿಗೆ ಅಂಟಿಸಿರೋ ಬ್ರಾಕೆಟ್ ಕಿತ್ಕೊಂಡು ಬರತ್ತೆ.

ಅತ್ತೆಯವರಿಗೆ ಹೀಗೆ ಹೇಳಿ: ಇದು ಬರೀ ಚೆಂದಕ್ಕಲ್ಲ, ಇರೋ ಹಲ್ಲು ಉಳಿಸ್ಕೊಳ್ಳೋಕೆ. ಸಾಧ್ಯ ಆದ್ರೆ ಅವ್ರನ್ನೂ ಜೊತೆಗೆ ಕರ್ಕೊಂಡು ಹೋಗಿ ಒಸಡು ತೋರಿಸಿ. ಇನ್ನು ಚೆಂದಕ್ಕೇ ಹಾಕಿಸ್ಕೊಂಡ್ರೂ ತಪ್ಪೇನಿಲ್ಲ, ಇಷ್ಟು ವರ್ಷ ಕೈ ಅಡ್ಡ ಇಟ್ಕೊಂಡು ನಕ್ಕೋರಿಗೆ ಬಾಯ್ತುಂಬಾ ನಗೋ ಆಸೆ ಇದ್ರೆ ಅದನ್ನ ಶೋಕಿ ಅನ್ನೋ ಹಕ್ಕು ಯಾರಿಗೂ ಇಲ್ಲ.

ದುಡ್ಡಿನ ಚಿಂತೆ ಇದ್ರೆ ದಾವಣಗೆರೆ, ಧಾರವಾಡದ ಡೆಂಟಲ್ ಕಾಲೇಜುಗಳು ನಿಮಗೆ ಹತ್ರ. ಅಲ್ಲಿ ಎಂಡಿಎಸ್, ಅಂದ್ರೆ ಹಲ್ಲಿನ ಡಾಕ್ಟ್ರಿಕೆಯಲ್ಲಿ ಮಾಸ್ಟರ್ಸ್ ಓದ್ತಿರೋ ಡಾಕ್ಟ್ರು ಪ್ರೊಫೆಸರ್ ಕಣ್ಗಾವಲಲ್ಲಿ ಮಾಡ್ತಾರೆ, ಖರ್ಚು ಸಾಮಾನ್ಯವಾಗಿ ಕಡಿಮೆ, ಕಾಯೋ ಹೊತ್ತು ಜಾಸ್ತಿ.

ಪ್ರಶ್ನೆ: ಬೆಂಗಳೂರಲ್ಲಿ ಐಟಿ ಕೆಲಸ, 29 ವರ್ಷ. ನನ್ನ ಕೆಳದವಡೆ ಮುಂದಿದೆ. ಮನೇಲೇ ಅಚ್ಚು ತಗೊಂಡು ಕಳಿಸಿದ್ರೆ ಅಲೈನರ್ (ಹಲ್ಲಿನ ಮೇಲೆ ಹಾಕಿ ತೆಗೆಯೋ ಪಾರದರ್ಶಕ ಪ್ಲಾಸ್ಟಿಕ್ ಕವಚ) ಕೊರಿಯರ್ ಮಾಡ್ತೀವಿ ಅನ್ನೋ ಆ್ಯಡ್ ನೋಡ್ದೆ, ತಗೋಬೋದಾ?

ಉತ್ತರ: ಬೇಡ. ಯಾರೂ ನಿಮ್ಮ ಬಾಯಿ ನೋಡದೇ, ಎಕ್ಸ್‌ರೇ ಇಲ್ಲದೇ ಹಲ್ಲು ಸರಿಸೋದು ಅಪಾಯ. ಅಮೆರಿಕದಲ್ಲಿ ಹೀಗೇ ಮನೆಗೆ ಅಲೈನರ್ ಕಳಿಸ್ತಿದ್ದ ಸ್ಮೈಲ್‌ಡೈರೆಕ್ಟ್‌ಕ್ಲಬ್ 2023ರ ಡಿಸೆಂಬರಲ್ಲಿ ಬಾಗಿಲು ಹಾಕ್ತು, ಟ್ರೀಟ್‌ಮೆಂಟ್ ಅರ್ಧಕ್ಕೆ ನಿಂತೋರು ಯಾರನ್ನ ಕೇಳೋದು ಅಂತ ಗೊತ್ತಾಗದೇ ಉಳಿದ್ರು. ಅಲೈನರ್ ಕೆಟ್ಟದ್ದಲ್ಲ, ಆರ್ಥೊಡಾಂಟಿಸ್ಟ್ ಅಂದ್ರೆ ಈ ವಿಷ್ಯದಲ್ಲೇ ಎಂಡಿಎಸ್ ಮಾಡಿದೋರು ನೋಡಿ ಕೊಟ್ರೆ ಎಷ್ಟೋ ಜನಕ್ಕೆ ಚೆನ್ನಾಗೇ ಆಗತ್ತೆ. ಆದ್ರೆ ದಿನಕ್ಕೆ 20ರಿಂದ 22 ಗಂಟೆ ಹಾಕ್ಕೊಂಡಿರ್ಬೇಕು, ಕಾಫಿ ಟೀಗೆ ಪ್ರತಿ ಸಲ ತೆಗೀಬೇಕು, ಗಂಟೆಗೊಂದು ಟೀ ಕುಡಿಯೋರಿಗೆ ಕಷ್ಟ.

ನಿಮ್ಮ ವಿಷ್ಯದಲ್ಲಿ ಇನ್ನೊಂದಿದೆ, ದವಡೆ ಮೂಳೆನೇ ಮುಂದಿದ್ರೆ ಯಾವ ಅಲೈನರೂ ಅದನ್ನ ಹಿಂದೆ ತರಲ್ಲ, ಬೆಳವಣಿಗೆ ನಿಂತುಹೋಗಿದೆ. ಒಂದೋ ಹಲ್ಲನ್ನ ಸ್ವಲ್ಪ ವಾಲಿಸಿ ಕಚ್ಚು ಸರಿ ಮಾಡ್ಬೇಕು, ಇಲ್ಲಾ ಕ್ಲಿಪ್ ಜೊತೆ ದವಡೆ ಆಪರೇಷನ್. ಪಕ್ಕದಿಂದ ತಲೆ ಎಕ್ಸ್‌ರೇ ತೆಗೆದು ನೋಡದೇ ಯಾವ್ದು ಅಂತ ಹೇಳೋಕಾಗಲ್ಲ.

ಪ್ರಶ್ನೆ: ತೀರ್ಥಹಳ್ಳಿ ಕಡೆ, 34 ವರ್ಷ. ಎಲೆ ಅಡಿಕೆ ಅಭ್ಯಾಸ ಇದೆ, ಈಚೆಗೆ ಖಾರ ತಿಂದ್ರೆ ಬಾಯಿ ಉರಿಯತ್ತೆ. ಉಬ್ಬು ಹಲ್ಲಿಗೆ ಕ್ಲಿಪ್ ಹಾಕ್ಸೋಣ ಅಂತ.

ಉತ್ತರ: ಕ್ಲಿಪ್ ಆಮೇಲೆ. ಅಡಿಕೆ ಹಾಕೋರಿಗೆ ಖಾರ ಉರಿಯೋಕೆ ಶುರುವಾದ್ರೆ ಒಳಗೆ ಚರ್ಮ ಬಿಗಿಯೋ ಕಾಯಿಲೆ ಇರ್ಬೋದು, ಮುಂದೆ ಬಾಯಿ ತೆರೆಯೋದೇ ಕಷ್ಟ ಆಗತ್ತೆ, ಕೆಲವರಲ್ಲಿ ಕ್ಯಾನ್ಸರ್‌ಗೂ ತಿರುಗತ್ತೆ. ಅಡಿಕೆ ಇವತ್ತೇ ಬಿಡಿ, ಈ ವಾರನೇ ಹೋಗಿ ತೋರಿಸಿ.

ಪ್ರಶ್ನೆ: ಕಾಲೇಜಲ್ಲಿದ್ದಾಗ ಕ್ಲಿಪ್ ಹಾಕಿಸಿ ನೇರ ಆಗಿತ್ತು, ಈಗ 31, ಮತ್ತೆ ವಕ್ರ ಆಗಿದೆ. ಇನ್ನೊಂದ್ಸಲ ಹಾಕಿಸ್ಬೋದಾ? ಮೈಸೂರು.

ಉತ್ತರ: ಹಾಕಿಸ್ಬೋದು, ಸ್ವಲ್ಪವೇ ತಿರುಗಿದ್ರೆ ಕೆಲವೇ ತಿಂಗಳ ಕೆಲಸ. ಆದ್ರೆ ಕ್ಲಿಪ್ ಬಿಚ್ಚಿದ್ಮೇಲೆ ಹಲ್ಲು ಮತ್ತೆ ಸರಿಯದ ಹಾಗೆ ಹಿಡಿಯೋಕೆ ಕೊಡೋ ರಿಟೇನರ್ ಬಿಟ್ಟಿದ್ರೆ ಸಾಮಾನ್ಯವಾಗಿ ಹೀಗಾಗತ್ತೆ, ಹಲ್ಲು ಜೀವನಪೂರ್ತಿ ಸ್ವಲ್ಪ ಸ್ವಲ್ಪ ಸರೀತಾನೇ ಇರತ್ತೆ. ಈ ಸಲ ಕೆಳಗಿನ ಮುಂದಿನ ಹಲ್ಲಿಗೆ ಹಿಂದಿನಿಂದ ಅಂಟಿಸೋ ಸಣ್ಣ ತಂತಿ ಹಾಕ್ಸಿ, ಮೇಲಿನ ಹಲ್ಲಿಗೆ ತೆಗೆದು ಹಾಕೋ ರಿಟೇನರ್ ರಾತ್ರಿ ಹಾಕ್ಕೊಂಡು ಮಲಗಿ, ಮತ್ತೆ ರಿಟೇನರ್ ದುಡ್ಡು ಒಟ್ಟು ಖರ್ಚಲ್ಲಿ ಸೇರಿದ್ಯಾ ಅಂತ ಶುರುವಲ್ಲೇ ಬರೆಸ್ಕೊಳ್ಳಿ.